ಗಂಡಸು ತುಂಬಿದ ಉಡಿ

ಪಂಚಮಿಗೆ ಇನ್ನೆರಡು ದಿನ ಇತ್ತು. ಜಿಟಿಜಿಟಿ ಮಳೆಯಲ್ಲಿ ಯಂಕವ್ವ ಎಂಬ ಹೆಣ್ಣುಮಗಳು ಬಂದು, ಬಂಕಾಪುರದ ಪ್ರಾರ್ಥನಾಮಂದಿರದ ಕಟ್ಟೆಯ ಮೇಲೆ ಬಟ್ಟೆಗಂಟು ಇಟ್ಟುಕೊಂಡು ಕೂತಳು. ಒಳಗೆ ಬಾ ಎಂದರೆ ಬರಲಿಲ್ಲ.

"ಕಾಲಿಗೆ ನೀರು ಕೊಡ್ರಿ, ಬರ್ತೇನಿ" ಅಂದಳು.

ಲಕ್ಕಪ್ಪ ಉಪದೇಶಿ ಆಕಾಶ ನೋಡಿದ. ಆಮೇಲೆ ಅವಳ ಕಾಲು ನೋಡಿದ. ಹೆಬ್ಬೆರಳಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮಳಿಯಾಗ ತೊಯ್ಸಿಕೊಂಡ ಬಂದೀಯಲ್ಲವ್ವಾ. ಇನ್ನ್ಯಾವ ನೀರು?"

"ಅದು ಮಳಿ ನೀರ್ರಿ. ತವರಿಗೆ ಬಂದ ಮಗಳಿಗೆ ಮನಿಯವರು ಕೊಡೂ ನೀರು ಬ್ಯಾರೆ."

ಲಕ್ಕಪ್ಪನಿಗೆ ದೀಕ್ಷಾಸ್ನಾನದ ಹೊತ್ತಿನಲ್ಲಿ ಸಮುವೇಲನೆಂದು ಹೆಸರಿಟ್ಟಿದ್ದರು. ಊರವರ ನಾಲಿಗೆ ಅದಕ್ಕೆ ಒಗ್ಗಲಿಲ್ಲ, ಲಕ್ಕಪ್ಪನಾಗಿಯೇ ಉಳಿದ. ಮಿಶನ್ನಿನವರು ಅವನಿಗೆ ಒಂದು ಪ್ರಾರ್ಥನೆಯ ಪಡಸಾಲೆ, ಅದರ ಬೆನ್ನಿಗೆ ಅಂಟಿಕೊಂಡ ಒಂದೂವರೆ ಕೋಣೆ, ಒಂದು ಗಂಟೆ ಕೊಟ್ಟಿದ್ದರು. ಒಂದೂವರೆ ಕೋಣೆಯಲ್ಲಿ ಅವನು, ಅವನ ಹೆಂಡತಿ ಸಲೋಮವ್ವ, ಐದು ಮಕ್ಕಳು ಮತ್ತು ಮಳೆ ಬಂದಾಗ ಒಂದು ಆಡು ಇರುತ್ತಿದ್ದರು.

ತಪ್ಪು ಅವನದೇ. ಹಿಂದಿನ ರವಿವಾರ ಉಪದೇಶ ಮಾಡುವಾಗ ಮುಂದಿನ ಸಾಲಿನಲ್ಲಿ ಎಚ್ಚರವಿದ್ದವಳು ಯಂಕವ್ವ ಒಬ್ಬಳೇ. ಹಾಗಾಗಿ ಅವಳನ್ನೇ ನೋಡಿ ಹೇಳಿದ್ದ: "ನೀ ಪರದೇಶಿ ಅಲ್ಲ. ನೀ ದೇವರ ಮಗಳು. ಇದು ನಿನ್ನ ಅಪ್ಪನ ಮನಿ." ಈ ಮಾತನ್ನು ಅವನು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದ. ಕೇಳಿದವರು ತಲೆ ಅಲ್ಲಾಡಿಸಿ ಮನೆಗೆ ಹೋಗುತ್ತಿದ್ದರೇ ಹೊರತು ಯಾರೂ ಗಂಟು ಕಟ್ಟಿಕೊಂಡು ಬಂದಿರಲಿಲ್ಲ.

ಯಂಕವ್ವನಿಗೆ ತವರು ಇರಲಿಲ್ಲ. ಹುಟ್ಟಿದ್ದು ಮಾಸೂರಿನ ಮದಗದ ಕೆರೆಯ ಕಡೆ. ದೊಡ್ಡ ಜ್ವರದ ವರ್ಷ ತಂದೆ ತಾಯಿ ಒಂದೇ ವಾರದಲ್ಲಿ ಹೋದರು. ದೂರದ ಸಂಬಂಧಿಯೊಬ್ಬ ಸಾಕಿ, ಬಂಕಾಪುರದ ಹತ್ತಿರದ ಹಳ್ಳಿಗೆ ಕೊಟ್ಟು, ಕೈ ತೊಳೆದುಕೊಂಡ. ಪ್ರತಿ ಶ್ರಾವಣದಲ್ಲಿ ಓಣಿಯ ಸೊಸೆಯಂದಿರನ್ನೆಲ್ಲ ಅಣ್ಣತಮ್ಮಂದಿರು ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ದರೆ ಇವಳು ಹಿಂದಿನ ಬಾಗಿಲಲ್ಲಿ ಸಗಣಿ ತಟ್ಟುತ್ತಾ ಕೂತಿರುತ್ತಿದ್ದಳು. ಅತ್ತೆ ನಾಗವ್ವ ಕೇಳಿಸುವಂತೆಯೇ ಅನ್ನುತ್ತಿದ್ದಳು: "ನಮ್ಮ ಸೊಸಿನ್ನ ಕರಿಯಾಕ ಒಂದು ನಾಯಿ ಸುದ್ದಾ ಬರಲಿಲ್ಲ ನೋಡ್ರವ್ವಾ."

ಈ ಸಲ ಯಂಕವ್ವ, "ನನಗೂ ಅಪ್ಪನ ಮನಿ ಐತಿ" ಅಂದುಬಿಟ್ಟಳು. ಅದು ಯಾವುದೆಂದೂ, ಸೊಸೆ ಅಲ್ಲಿ ದೀಕ್ಷಾಸ್ನಾನ ಮಾಡಿಸಿಕೊಳ್ಳಬೇಕೆಂದಿದ್ದಾಳೆಂದೂ ತಿಳಿದಾಗ ನಾಗವ್ವ ನಗಲೂ ಇಲ್ಲ. "ಹಂಗಾರ ಹೋಗು. ಆ ನಿಮ್ಮಪ್ಪ ಉಡಿ ತುಂಬಿ ಕಳಿಸಿದಾ ಅಂದ್ರ ನೀ ಯಾವ ನೀರಾಗ ಬೇಕಾದರ ಮುಳುಗು, ಯಾವ ಹೆಸರು ಬೇಕಾದರ ಇಟಗೋ, ನಾ ಕೇಳಂಗಿಲ್ಲ. ಖಾಲಿ ಸೆರಗಿಲೆ ಬಂದ್ಯೋ, ಆ ಗಂಟಿ ಮನಿ ಕಡೆ ಮತ್ತ ಮಾರಿ ಮಾಡಬ್ಯಾಡ." ಗಂಡ ಶಿದ್ಲಿಂಗಪ್ಪ ಅಲ್ಲೇ ಎತ್ತಿನ ಮೈ ತಿಕ್ಕುತ್ತಿದ್ದ. ಎತ್ತಿನ ಇನ್ನೊಂದು ಮಗ್ಗುಲಿಗೆ ಹೋಗಿ ತಿಕ್ಕತೊಡಗಿದ.

ಇದನ್ನೆಲ್ಲ ಯಂಕವ್ವ ಕಟ್ಟೆಯ ಮೇಲೆ ಕೂತೇ ಹೇಳಿದಳು.

"ಪಂಚಮಿ ನಮ್ಮ ಹಬ್ಬ ಅಲ್ಲ ಯಂಕವ್ವ. ನಾಗಪ್ಪಗ ಹಾಲು ಎರಿಯೂದು ನಮ್ಮೊಳಗ ಇಲ್ಲ" ಅಂದ ಲಕ್ಕಪ್ಪ.

"ನಾ ಎರಿಯಾಕ ಬಂದಿಲ್ರಿ. ಉಣ್ಣಾಕ ಬಂದೇನಿ."

ಒಳಗಿನಿಂದ ಸಲೋಮವ್ವ ಬಂದಳು. ಸೊಂಟದಲ್ಲಿ ಕೂಸು, ಕೈಯಲ್ಲಿ ಊದುಗೊಳವೆ, ಕಣ್ಣು ಹೊಗೆಗೆ ಕೆಂಪು. ಎಲ್ಲ ಕೇಳಿಸಿಕೊಂಡಿದ್ದಳು.

"ಅಪ್ಪನ ಮನಿ, ಅಪ್ಪನ ಮನಿ ಅಂತ ಎಲ್ಲಾರಿಗೂ ಹೇಳ್ತೀರಿ. ಹೇಳೂಮುಂದ ಒಲಿ ಊದೂ ಅವ್ವ ಯಾರಂತ ವಿಚಾರ ಮಾಡಬೇಕಿತ್ತು" ಅಂದಳು ಗಂಡನಿಗೆ. ಆದರೂ ಒಂದು ತಂಬಿಗೆ ನೀರು ತಂದು ಯಂಕವ್ವನ ಕಾಲಿಗೆ ಸುರಿದಳು. ಮಿಶನ್ನಿನ ಅನಾಥಾಶ್ರಮದಲ್ಲಿ ಬೆಳೆದವಳು. ಕೇಳಿದವರಿಗೆ ನೀರು ಇಲ್ಲವೆನ್ನಲು ಅವಳಿಗೆ ಯಾರೂ ಕಲಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಬಿಸಿಲು ಪಡಸಾಲೆಯ ಅರ್ಧಕ್ಕೆ ಬಂದಾಗ ಯಂಕವ್ವ ಎದ್ದಳು. ಎದ್ದು ಮತ್ತೆ ಮಲಗಿದಳು. ರೊಟ್ಟಿ ಬಂತು, ತಿಂದಳು. ತಟ್ಟೆ ಎತ್ತಲಿಲ್ಲ. ಸಲೋಮವ್ವ ಕಸಬರಿಗೆಯನ್ನು ಅವಳ ಪಕ್ಕದಲ್ಲೇ ಒಂದೆರಡು ಸಲ ನೆಲಕ್ಕೆ ಕುಟ್ಟಿ ನೋಡಿದಳು.

"ನಾ ಹಿಡಿಯಂಗಿಲ್ರೆಕ್ಕಾ" ಅಂದಳು ಯಂಕವ್ವ ಮೆತ್ತಗೆ. "ಸೊಕ್ಕಲ್ಲ. ಅಪ್ಪನ ಮನಿಯಾಗ ಮಗಳು ಕೆಲಸಾ ಮಾಡಿದ್ರ ನೋಡಿದವ್ರು ಏನಂತಾರ? ಅಪ್ಪಗ ಗತಿ ಇಲ್ಲ ಅಂತಾರ. ನಿಮ್ಮ ದೇವರ ಮರ್ಯಾದಿ ಪ್ರಶ್ನ ಐತಿ."

ಸಲೋಮವ್ವ ಗಂಡನನ್ನೊಮ್ಮೆ ನೋಡಿ ತಾನೇ ಕಸ ಗುಡಿಸಿದಳು.

ಮಧ್ಯಾಹ್ನ ಅವಳು ಜೋಕಾಲಿ ಕೇಳಿದಳು. ಪಂಚಮಿಗೆ ತವರಿಗೆ ಬಂದ ಮಗಳು ಜೋಕಾಲಿ ಆಡದೆ ಹೋದರೆ ಅತ್ತೆ ಮೊದಲು ಕೇಳುವ ಪ್ರಶ್ನೆಯೇ ಅದು. ಆ ಮನೆಯಲ್ಲಿ ಮನುಷ್ಯರ ಭಾರ ತಡೆಯುವ ತೊಲೆ ಒಂದೇ: ಕಟ್ಟೆಯ ಮೇಲಿನದು, ಗಂಟೆ ತೂಗುಹಾಕಿದ್ದು. ಲಕ್ಕಪ್ಪ ಬಾವಿಯ ಹಗ್ಗ ತಂದು ಕಟ್ಟಿದ. ಯಂಕವ್ವ ಕೂತು ಕಾಲಿನಿಂದ ಒಮ್ಮೆ ನೆಲ ಒದ್ದಳು. ತೊಲೆ ಅಲ್ಲಾಡಿತು. ಗಂಟೆ ಢಣ್ ಅಂದಿತು. ಹಿಂದಕ್ಕೆ ಬಂದಳು, ಢಣ್. ಮುಂದಕ್ಕೆ ಹೋದಳು, ಢಣ್.

ಕೋಟೆಯ ಕಡೆಯ ನವಿಲುಗಳು ಒಂದೇ ಸಮನೆ ಕೂಗತೊಡಗಿದವು. ಮೊದಲು ಬಂದವನು ಎದುರು ಸಾಲಿನ ದರ್ಜಿ ಖಾದರಸಾಬ, ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ.

"ಯಾರ ತೀರ್ಕೊಂಡ್ರು ಲಕ್ಕಪ್ಪ?"

"ಯಾರೂ ಇಲ್ಲ. ತವರಿಗೆ ಬಂದಾಳ."

"ಯಾರ ತವರಿಗೆ?"

"ದೇವರ ತವರಿಗೆ... ಅಂದ್ರ, ದೇವರ ಮನಿ ಆಕಿಗೆ ತವರು."

ಖಾದರಸಾಬ ಸ್ವಲ್ಪ ಹೊತ್ತು ಜೋಕಾಲಿಯನ್ನು ನೋಡಿದ. ಮನೆಗೆ ಹೋಗಿ ಹೆಂಡತಿ ರಹಿಮಾಬಿಗೆ ಹೇಳಿದ. ಹೇಳಬಾರದಿತ್ತು. ಸಂಜೆಯ ಹೊತ್ತಿಗೆ ರಹಿಮಾಬಿ ತಲೆಯ ಮೇಲೆ ಸವಣೂರು ವೀಳ್ಯದೆಲೆಯ ಬುಟ್ಟಿ, ಬಗಲಲ್ಲಿ ಚಾದರ ಇಟ್ಟುಕೊಂಡು ಬಂದು ನಿಂತಳು. ಎಲೆ ಮಾರುವವಳು, ದಿನವಿಡೀ ಕೂಗಿ ಗಂಟಲು ಗಡಸಾಗಿತ್ತು.

"ನನಗ ಸವಣೂರಾಗ ಅಣ್ಣ ಅದಾನ್ರಿ. ಅತ್ತಿಗಿ ಬಾಗಲಾ ತೆಗಿಯಂಗಿಲ್ಲ. ಇಲ್ಲಿ ಜಾಗ ಐತೇನು?"

"ರಹಿಮಾಬಿ, ನೀ ನಮ್ಮಕಿ ಅಲ್ಲಲ್ಲವಾ."

"ನಾ ನಿಮ್ಮಕಿ ಅಂತ ನಾನರ ಎಲ್ಲಿ ಅಂದೆ? ನಿಮ್ಮ ಅಪ್ಪಗ ಕೇಳ್ರಿ, ನಾ ಆತನಕಿ ಹೌದೋ ಅಲ್ಲೋ ಅಂತ. ಆತ ಹೇಳೂತನಾ ಇಲ್ಲೇ ಕುಂದರ್ತೇನಿ."

ಲಕ್ಕಪ್ಪ ಕೇಳಿದನೋ ಇಲ್ಲವೋ. ಉತ್ತರವಂತೂ ಬೇಗ ಬರಲಿಲ್ಲ. ರಹಿಮಾಬಿ ಚಾದರ ಹಾಸಿದಳು. ಅವಳ ಹಿಂದೆಯೇ ಮಾದೇವಿ ಬಂದಳು. ಲಗ್ನವಾದ ವರ್ಷವೇ ಗಂಡ ತೀರಿಹೋಗಿದ್ದ. ಅಂದಿನಿಂದ ಮೈದುನರ ಹೊಲದಲ್ಲಿ ಆರು ತಿಂಗಳು, ಅಣ್ಣಂದಿರ ಹೊಲದಲ್ಲಿ ಆರು ತಿಂಗಳು ದುಡಿಯುತ್ತಿದ್ದಳು. ಎರಡೂ ಕಡೆ ಅವಳ ಹಾಸಿಗೆ ದನದ ಕೊಟ್ಟಿಗೆಯಲ್ಲಿ. ಅವಳು ಏನೂ ಕೇಳಲಿಲ್ಲ. ಗೋಡೆಗೆ ಒರಗಿ ಕೂತು, ಕಾಲು ಚಾಚಿ, ಚಾಚಿದ ಕಾಲನ್ನು ತಾನೇ ಬಹಳ ಹೊತ್ತು ನೋಡಿದಳು.

ಪಂಚಮಿ ಆ ವರ್ಷ ರವಿವಾರ ಬಂದಿತ್ತು. ಸಭೆಗೆ ಬರುವ ಏಳೆಂಟು ಜನ ಒಳಗೆ ಕೂತಿದ್ದರು. ತವರಿಗೆ ಬಂದವರು ಹೊರಗೆ ಜೋಕಾಲಿಯಲ್ಲಿದ್ದರು. ಹಬ್ಬದ ದಿನ ನಿಲ್ಲಿಸಿರೆಂದು ಹೇಳುವ ಧೈರ್ಯ ಲಕ್ಕಪ್ಪನಿಗಾಗಲಿಲ್ಲ.

"ದೇವರ ಪ್ರೀತಿಗೆ" ಅಂದ. ಢಣ್. "ಅಳತಿ ಅನ್ನೂದು" ಢಣ್ "ಇಲ್ಲ."

ಜನರೆಲ್ಲ ಹಿಂದೆ ತಿರುಗಿ ಬಾಗಿಲ ಕಡೆ ನೋಡುತ್ತಿದ್ದರು. ಒಮ್ಮೆ ಯಂಕವ್ವನ ಪಾದ ಕಾಣುತ್ತಿತ್ತು, ಒಮ್ಮೆ ಆಕಾಶ. ಸಭೆಯ ಹಿರಿಯ ಬಸವಣ್ಣೆಪ್ಪ, ನೇಕಾರ, ಪ್ರಾರ್ಥನೆ ಮುಗಿಯುವವರೆಗೆ ತಡೆದುಕೊಂಡು ಆಮೇಲೆ ಎದ್ದ.

"ಈ ಹೆಣ್ಮಕ್ಕಳು ಏನು ಮಾಡ್ಯಾರಂತ ಕುಂತ ಉಣ್ಣಾಕತ್ತಾರ?"

"ಏನೂ ಮಾಡಿಲ್ರಿ" ಅಂದ ಲಕ್ಕಪ್ಪ.

"ಮುಂದರ ಏನರ ಮಾಡವ್ರ ಅದಾರೇನು?"

"ಹಂಗ ಕಾಣಂಗಿಲ್ರಿ."

"ಮತ್ತ ಯಾಕ ಹಾಕಾಕತ್ತಿ?"

"ಇದು ನಿಮ್ಮಪ್ಪನ ಮನಿ ಅಂತ ನಾನ ಹೇಳೇನಲ್ರಿ."

"ಅದು ಹೇಳೂ ಮಾತು ಲಕ್ಕಪ್ಪ. ಮಾಡೂ ಮಾತೇನು ಅದು?"

ಅಷ್ಟರಲ್ಲಿ ಸಲೋಮವ್ವ ಎದ್ದಳು. ಕೂಸನ್ನು ಲಕ್ಕಪ್ಪನ ಕೈಗೆ ಕೊಟ್ಟಳು, ಸೆರಗಿನಿಂದ ಮುಖ ಒರೆಸಿಕೊಂಡಳು, ಹೊರಗೆ ಹೋಗಿ ಯಂಕವ್ವನಿಗೆ ಪಕ್ಕಕ್ಕೆ ಸರಿ ಎಂದು ಸನ್ನೆ ಮಾಡಿ ಜೋಕಾಲಿಯಲ್ಲಿ ಕೂತಳು. ಢಣ್.

"ಏನು ಮಾಡಾಕತ್ತೀ?" ಅಂದ ಲಕ್ಕಪ್ಪ ಹೊರಗೆ ಓಡಿ ಬಂದು.

"ತವರಿಗೆ ಬಂದೇನಿ. ನಾ ಎಲ್ಲಿ ಹುಟ್ಟಿದಾಕಿ ಹೇಳ್ರಿ ನೋಡೂನು. ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಇವರಿಗೆಲ್ಲ ಅಪ್ಪನ ಮನಿ ಆದ್ರ ನನಗೊಬ್ಬಾಕಿಗೆ ಯಾಕ ಗಂಡನ ಮನಿ ಇದು?"

"ಮಕ್ಕಳು ಹಸದಾವ."

"ಹೌದಲ್ಲ" ಅಂದಳು. "ದಿನಾ ಹಸೀತಾವ." ಮತ್ತೆ ಕಾಲಿನಿಂದ ನೆಲ ಒದ್ದಳು. ಸಾಕೆನಿಸಿದ ಮೇಲೆ ಒಳಗೆ ಬಂದು ರಹಿಮಾಬಿಯ ಚಾದರದ ತುದಿಯಲ್ಲಿ ಮಲಗಿ ನಿದ್ದೆ ಹೋದಳು. ಲಗ್ನವಾದ ಮೇಲೆ ಅವಳು ಹಗಲು ಕಣ್ಣು ಮುಚ್ಚಿದ್ದು ಅದೇ ಮೊದಲು. ಮಕ್ಕಳು ಬಂದು ಬಂದು ಮುಟ್ಟಿ ನೋಡಿದವು.

ಲಕ್ಕಪ್ಪ ಒಲೆಯ ಮುಂದೆ ಕೂತ. ಹಸಿ ಕಟ್ಟಿಗೆ ಹೊತ್ತಲಿಲ್ಲ. ಕೂಸು ಕೈಯಲ್ಲಿ ಅಳುತ್ತಿತ್ತು, ಇನ್ನೊಂದು ಬೆನ್ನ ಮೇಲೆ ಏರುತ್ತಿತ್ತು. ತವರಿಗೆ ಬಂದವರು ಪಂಚಮಿಗೆ ಶೇಂಗಾ ಉಂಡಿ ಬೇಕೆಂದಿದ್ದರು. ಬೆಲ್ಲ ಪಾಕಕ್ಕಿಟ್ಟ. ಒಳಗೆ ಬಂದು ಕೈ ಹಚ್ಚುವವರು ಯಾರೂ ಇರಲಿಲ್ಲ. ರಹಿಮಾಬಿ ಮಲಗಿದಲ್ಲಿಂದಲೇ ಕೂಗಿದಳು: "ಭಾಯಿ, ಎಳಿ ಬಂದ ಕೂಡ್ಲೆ ಇಳಸ್ರಿ." ಯಾವ ಎಳೆ ಎಂದು ಅವನಿಗೆ ತಿಳಿಯಲಿಲ್ಲ, ಕೇಳುವಷ್ಟರಲ್ಲಿ ಪಾಕ ಕಪ್ಪಾಗಿತ್ತು.

ಅವನಿಗೆ ಸಿಟ್ಟು ಬಂತು. ಇಷ್ಟು ಉಂಡರಲ್ಲ, ಒಬ್ಬಳಾದರೂ ನಿಮ್ಮಿಂದ ಉಪಕಾರವಾಯಿತು ಅಂದಳೇ? ಆಮೇಲೆ, ಅಪ್ಪನ ಮನೆಯಲ್ಲಿ ಉಂಡು ಯಾವ ಮಗಳು ಹಾಗೆ ಅನ್ನುತ್ತಾಳೆ ಎಂದೂ ಅನಿಸಿತು. ತಾನು ಮಾತ್ರ ಇಷ್ಟು ವರ್ಷ ತುತ್ತುತುತ್ತಿಗೂ ಕೈ ಮುಗಿಯುತ್ತಾ, ಇವತ್ತು ಇದೆ ನಾಳೆ ಇರುತ್ತದೋ ಇಲ್ಲವೋ ಎಂದು ಹೆದರುತ್ತಾ, ಈ ಮನೆಯ ಹೊಸ್ತಿಲಲ್ಲೇ ಕೂಲಿಯವನ ಹಾಗೆ ನಿಂತುಬಿಟ್ಟಿದ್ದ. ಒಳಗೆ ಹೋಗಿ ಕಾಲು ಚಾಚಿದ್ದೇ ನೆನಪಿಲ್ಲ. ಹೊಗೆಗೆ ಕಣ್ಣು ಒರೆಸಿಕೊಂಡು ಉಂಡಿ ಕಟ್ಟಿದ. ಕೈ ಸುಟ್ಟಿತು.

ಉಂಡಿ ಕಲ್ಲಾದವು. ಹಲ್ಲಿಗೆ ಜಗ್ಗಲಿಲ್ಲ, ಒರಳಿನ ಮೇಲಿಟ್ಟು ಗುಂಡುಕಲ್ಲಿನಿಂದ ಒಡೆದು ತಿಂದರು. ಯಂಕವ್ವ ಒಂದು ಚೂರು ಬಾಯಲ್ಲಿಟ್ಟುಕೊಂಡು, "ಏನ ಆಗಲಿ, ಅಪ್ಪನ ಮನಿ ಉಂಡಿ" ಅಂದಳು. ಆ ಚೂರನ್ನು ಸಂಜೆಯವರೆಗೂ ಚೀಪಿದಳು.

ಸೋಮವಾರ ನಾಗವ್ವ ಬಂದಳು. ಗಾಡಿ ಹೊಡೆದುಕೊಂಡು ಬಂದ ಶಿದ್ಲಿಂಗಪ್ಪ ದೂರದಲ್ಲೇ ಎತ್ತಿನ ಹತ್ತಿರ ನಿಂತ. ನಾಗವ್ವ ತಲೆಯ ಕಂಬಳಿ ಕೊಪ್ಪೆ ತೆಗೆದು, ಪಡಸಾಲೆಯಲ್ಲಿ ಉರುಳಿಕೊಂಡಿದ್ದ ನಾಲ್ಕು ಹೆಂಗಸರನ್ನು ನೋಡಿದಳು.

"ಏನಿದು, ಧರ್ಮದ ದವಾಖಾನಿ ಆಗೇತಿ. ಏಳವಾ, ಹೋಗೂನು. ಎಲ್ಲೈತಿ ಉಡಿ?"

ಮೂರು ದಿನದಿಂದ ಎಮ್ಮೆಯ ಹಾಗೆ ನಿಶ್ಚಿಂತೆಯಾಗಿದ್ದ ಯಂಕವ್ವ ಎದ್ದು ನಿಂತಾಗ ಅವಳ ಕೈ ಸೆರಗನ್ನು ಹಿಂಡುತ್ತಿತ್ತು. ಈ ಸೆರಗು ಖಾಲಿಯಾಗಿ ಹೋದರೆ ಮುಂದಿನ ರವಿವಾರವಿಲ್ಲ, ದೀಕ್ಷಾಸ್ನಾನವಿಲ್ಲ. ಅಪ್ಪನ ಮನೆಯೆಂಬುದು ಓಣಿಯಲ್ಲಿ ನಗಲು ಒಂದು ಮಾತಾಗಿ ಉಳಿಯುತ್ತದೆ. ಅವಳು ಸಲೋಮವ್ವನ ಕಡೆ ನೋಡಿದಳು.

"ನನ್ನ ಕಡೆ ನೋಡಬ್ಯಾಡ" ಅಂದಳು ಸಲೋಮವ್ವ. "ನಾನೂ ಮಗಳಾಗಿ ಬಂದಾಕಿ. ಉಡಿ ಅವ್ವ ತುಂಬಬೇಕು."

"ಅವ್ವ ಇಲ್ಲಂದ್ರ ಅಣ್ಣನ ಹೆಂಡತಿ ತುಂಬತಾಳ" ಅಂದಳು ನಾಗವ್ವ, ನಿಯಮ ನಿಯಮವೇ ಎಂಬಂತೆ.

ಸಲೋಮವ್ವ ತಲೆ ತಗ್ಗಿಸಿದಳು. "ನನಗ ಬರಂಗಿಲ್ಲ. ಆಶ್ರಮದಾಗ ಇದನ್ನ ಮಾಡಗೊಡತಿದ್ದಿಲ್ಲ. ನನಗ ಒಬ್ರೂ ತುಂಬಿಲ್ಲ. ಏನು ಹಾಕಬೇಕು, ಹೆಂಗ ಹಾಕಬೇಕು ಅನ್ನೂದ ಗೊತ್ತಿಲ್ಲ."

ಲಕ್ಕಪ್ಪ ಎಲ್ಲರ ಮುಖ ನೋಡಿದ. ಮನೆಯಲ್ಲಿ ಅವ್ವ ಇಲ್ಲ, ಅತ್ತಿಗೆ ಇಲ್ಲ, ಇದ್ದವರೆಲ್ಲ ತವರಿಗೆ ಬಂದ ಹೆಣ್ಣುಮಕ್ಕಳು. ಉಳಿದವನು ಅಪ್ಪ ಒಬ್ಬ, ಆತನೋ ಕಣ್ಣಿಗೆ ಕಾಣುವವನಲ್ಲ. ಲಕ್ಕಪ್ಪ ಒಳಗೆ ಹೋದ. ಮೊರ ತೆಗೆದುಕೊಂಡ. ಅಕ್ಕಿ ಶನಿವಾರವೇ ಮುಗಿದಿತ್ತು; ಜೋಳ ಸುರಿದ. ಉತ್ತತ್ತಿ, ಕೊಬ್ಬರಿ ಇರಲಿಲ್ಲ, ಕಲ್ಲುಂಡಿ ಇಟ್ಟ. ರಹಿಮಾಬಿಯ ಬುಟ್ಟಿಯಿಂದ ಕೇಳದೆ ಎಲೆ ಎತ್ತಿಕೊಂಡ. ಕುಪ್ಪಸಕ್ಕೆ ಖಣ ಬೇಕು. ಅತ್ತಿತ್ತ ನೋಡಿ, ಪ್ರಾರ್ಥನೆಯ ಮೇಜಿನ ಮೇಲೆ ಹಾಸಿದ್ದ ಕೆಂಪು ಬಟ್ಟೆಯನ್ನು ಎಳೆದು ಹಲ್ಲಿನಿಂದ ಕಚ್ಚಿ ಉದ್ದುದ್ದ ಹರಿದ. ಆ ಸಪ್ಪಳಕ್ಕೆ ಆಡು ಹೊರಗೆ ಹೋಯಿತು.

ಮೊರ ಹಿಡಿದು ಬಂದು ಯಂಕವ್ವನ ಮುಂದೆ ನಿಂತ. "ಒಡ್ಡವ್ವ" ಅಂದ.

ಯಂಕವ್ವ ಸೆರಗೊಡ್ಡಿದಳು. ಬೊಗಸೆಯಿಂದ ಲೆಕ್ಕ ಹಿಡಿದು ಹಾಕಬೇಕೆಂದು ಗೊತ್ತಿಲ್ಲದೆ ಅವನು ಮೊರವನ್ನೇ ಬಾಗಿಸಿದ. ಜೋಳ ಸುರಿದು, ಉಂಡಿ ಧಡ್ಡೆಂದು ಬಿದ್ದು, ಅವಳು ಭಾರಕ್ಕೆ ಒಂದು ಹೆಜ್ಜೆ ಮುಂದೆ ಬಂದಳು.

ಲಕ್ಕಪ್ಪನಿಗೆ ನಿಲ್ಲಿಸುವುದು ತಿಳಿಯಲಿಲ್ಲ. ಒಳಗೆ ಹೋಗಿ ಮೊರ ತುಂಬಿಕೊಂಡು ಬಂದು ರಹಿಮಾಬಿಗೆ ಹಾಕಿದ. "ಎಲಿ ನನ್ನವ ಅದಾವ" ಅಂದಳು ಅವಳು, ಆದರೆ ಸೆರಗು ಗಟ್ಟಿ ಹಿಡಿದಳು. ಹೆಂಡತಿಯ ಮುಂದೆ ನಿಂತ. ಅವಳಿಗೆ ಹಿಡಿಯಲು ಬರಲಿಲ್ಲ. ಯಂಕವ್ವ ತನ್ನ ಉಡಿಯನ್ನು ಒಂದು ಕೈಗೆ ಮಾಡಿಕೊಂಡು, ಇನ್ನೊಂದು ಕೈಯಿಂದ ಅವಳ ಸೆರಗಿನ ಚುಂಗು ಎಳೆದು ಹಿಡಿಸಿದಳು. ಜೋಳ ಬಿದ್ದಾಗ ಸಲೋಮವ್ವ ಗಂಡನ ಮುಖ ನೋಡಲಿಲ್ಲ, ಜೋಳವನ್ನೇ ನೋಡಿದಳು.

ಮಾದೇವಿ ಕಂಬದ ಹಿಂದೆ ಸರಿದಿದ್ದಳು. ಉಡಿ ತುಂಬುವಲ್ಲಿ ಗಂಡ ಸತ್ತವಳ ನೆರಳೂ ಬೀಳಬಾರದು. ಗಂಡಸರು ಇಂಥ ಹೊತ್ತಿನಲ್ಲಿ ಹೊರಗೆ ತಂಬಾಕು ತಿಕ್ಕುತ್ತಾ ಕೂತಿರುತ್ತಾರೆ. ಲಕ್ಕಪ್ಪ ಇದನ್ನು ಹತ್ತಿರದಿಂದ ನೋಡಿದವನೇ ಅಲ್ಲ.

"ಮಾದೇವಿ, ಹಿಂದ ಯಾಕ ನಿಂತಿ? ಬಾ."

"ನನಗ ನಡಿಯಂಗಿಲ್ರಿ."

"ಯಾಕ ನಡಿಯಂಗಿಲ್ಲ? ಜೋಳ ಇನ್ನೂ ಐತಿ."

ಜೋಳ ಮುಗಿದೀತೆಂದು ಅವಳು ಅಂಜುತ್ತಿದ್ದಾಳೆ ಅಂದುಕೊಂಡ ಲಕ್ಕಪ್ಪ ಇನ್ನೊಂದು ಬೊಗಸೆ ಹೆಚ್ಚಿಗೆ ತಂದು, ಕಂಬದ ಹಿಂದಕ್ಕೆ ಹೋಗಿ, ಅವಳ ಸೆರಗಿಗೆ ಸುರಿದ. ಕೆಂಪು ಬಟ್ಟೆಯ ತುಂಡನ್ನೂ ಇಟ್ಟ. ಮಾದೇವಿ ಅಲ್ಲೇ ಕೂತುಬಿಟ್ಟಳು.

ಆಗ ನಾಗವ್ವನಿಗೆ ಮಾತು ಬಂತು. "ಸಾಕು ಮಾಡ್ರಿ ಈ ಆಟ. ಗಂಡಸು ತುಂಬಿದ್ದು ಉಡಿ ಅಲ್ಲ. ಚೀಲಾ ತುಂಬಿದಂಗ ಆತು. ನಡಿ ಯಂಕಿ, ಸುರುವು ಅದನ್ನ. ಖಾಲಿ ಬಂದಂಗ ಲೆಕ್ಕ."

ಯಂಕವ್ವನ ಮುಖ ಬಿಳಿಚಿತು. ಸುರಿಯಲಿಲ್ಲ, ಸೆರಗನ್ನು ಎದೆಗೆ ಒತ್ತಿಕೊಂಡಳು. ನಾಲ್ಕು ಕಾಳು ನೆಲಕ್ಕೆ ಬಿದ್ದವು.

ಲಕ್ಕಪ್ಪ ವಾದಕ್ಕೆ ಇಳಿಯಲಿಲ್ಲ. ಮೊರದಲ್ಲಿ ಇನ್ನೂ ಇತ್ತು. ಎದುರಿಗೆ ಇನ್ನೊಬ್ಬ ಹೆಂಗಸು ನಿಂತಿದ್ದಳು. ಅವನು ಮೊರ ಎತ್ತಿ ನಾಗವ್ವನ ಮುಂದೆ ಬಂದ.

ಎದುರಿಗೆ ಮೊರ ಎದ್ದೊಡನೆ ನಾಗವ್ವನ ಕೈಗಳು ಅವಳನ್ನು ಕೇಳದೆ ಸೆರಗೊಡ್ಡಿದವು. ಆ ಕೈಗಳಿಗೆ ಮೊರ ಹಿಡಿದವರು ಯಾರು, ಯಾವ ದೇವರವರು, ಗಂಡಸೋ ಹೆಂಗಸೋ ಬೇಕಾಗಿರಲಿಲ್ಲ. ಜೋಳ ಬಿತ್ತು. ಎಲೆ ಬಿತ್ತು. ಕೊನೆಯ ಉಂಡಿ ಧಡ್ಡೆಂದು ಬಿತ್ತು.

ನಾಗವ್ವ ಕೆಳಗೆ ನೋಡಿಕೊಂಡಳು. ಉಡಿಗೆ ಬಿದ್ದದ್ದನ್ನು ಕೊಟ್ಟವರ ಹೊಸ್ತಿಲಲ್ಲೇ ಸುರಿದು ಹೋಗುವ ಮುತ್ತೈದೆ ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. ಇದು ಉಡಿಯಲ್ಲವೆಂದರೆ ತಾನು ಹೀಗೆ ಬಾಗಿ ನಿಂತದ್ದು ಯಾತಕ್ಕೆ? ಉಡಿಯೆಂದರೆ ಸೊಸೆಯದೂ ಉಡಿ. ನಾಗವ್ವನ ತವರು ಹಿರೇಕೆರೂರಿನ ಕಡೆ. ಅವ್ವ ಹೋದ ಮೇಲೆ ಆ ದಾರಿಯಲ್ಲಿ ಯಾರೂ ಅವಳಿಗಾಗಿ ಗಾಡಿ ಹೂಡಿರಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಯಂಕವ್ವ ನೆಲ ನೋಡುತ್ತಿದ್ದಳು.

"ಏ ಶಿದ್ಲಿಂಗ್ಯಾ" ಅಂದಳು ಕೊನೆಗೆ ನಾಗವ್ವ, ಮಗನ ಕಡೆ ತಿರುಗಿ. "ಬಾಯಿ ತಕ್ಕೊಂಡ ಏನು ನೋಡಾಕತ್ತಿ? ಗಾಡಿ ತಿರಗಸು. ಉಡಿ ಹಿಡಕೊಂಡು ಎಷ್ಟೊತ್ತು ನಿಂದರ್ಬೇಕು ನಾವು?"

ಶಿದ್ಲಿಂಗಪ್ಪ ಗಾಡಿ ತಿರುಗಿಸಿದ. ಎರಡೂ ಕೈಯಲ್ಲಿ ಸೆರಗು ಹಿಡಿದ ಅತ್ತೆ ಸೊಸೆಯನ್ನು ಒಬ್ಬೊಬ್ಬರನ್ನಾಗಿ ರಟ್ಟೆ ಹಿಡಿದು ಮೇಲೆ ಹತ್ತಿಸಬೇಕಾಯಿತು. ಎದುರುಬದುರು ಕೂತರು. ಗಾಡಿ ಊರು ದಾಟಿ, ಎರೆಮಣ್ಣಿನ ದಾರಿಗೆ ಬಿದ್ದು, ಗಾಲಿ ಹೂತು ಮೇಲೆದ್ದಿತು.

"ಈಗ ಮುಳಗಬ್ಯಾಡ" ಅಂದಳು ನಾಗವ್ವ. "ನೀರು ತಣ್ಣಗ ಅದಾವ. ಮಳಿಗಾಲ ಹೋಗಲಿ."

ಯಂಕವ್ವ ಹೂಂ ಎಂದು ತಲೆ ಅಲ್ಲಾಡಿಸಿದಳು.

ನಾಗವ್ವ ಸೆರಗಿನೊಳಗೆ ಬೆರಳು ಹಾಕಿ ಉಂಡಿಯನ್ನು ಒತ್ತಿ ನೋಡಿದಳು, ಗಾಡಿಯ ಈಚಿನ ಮರಕ್ಕೆ ಬಡಿದು ನೋಡಿದಳು, ಮತ್ತೆ ಉಡಿಯೊಳಗೆ ಇಟ್ಟುಕೊಂಡಳು.

"ಬರೂ ವರ್ಷ ಪಾಕಕ್ಕ ಇಡೂ ಮೊದಲ ನನಗೊಂದು ಮಾತು ಕೇಳಂತ ಹೇಳು ನಿಮ್ಮಪ್ಪಗ."